ಸೈಕಲಿಗೂ ಒಂದು ಟಿಕೇಟು

ತೋಡಾರಿಗೆ ರೈಲಿನ ಸದ್ದು ಕೇಳಿಸುವುದಿಲ್ಲ. ಮಂಗಳೂರಿನಿಂದ ಮೂಡುಬಿದಿರೆಗೆ ಏರುವ ಹೆದ್ದಾರಿಯ ಬದಿಯ ಈ ಊರಿನಲ್ಲಿ ಹೊತ್ತು ತಿಳಿಯುವುದು ಬಸ್ಸಿನ ಹಾರ್ನಿನಿಂದ. ಹಿಂದೆ 13 ಎಂಬ ಸಂಖ್ಯೆಯಿದ್ದ, ಈಗ 169 ಎನಿಸಿಕೊಂಡಿರುವ ಈ ರಾಷ್ಟ್ರೀಯ ಹೆದ್ದಾರಿಯೇ ಊರಿಗೂ ಹೊರ ಜಗತ್ತಿಗೂ ನಡುವಿನ ನಂಟು. ರೈಲು ಹತ್ತಬೇಕಾದವರು ಕಿನ್ನಿಗೋಳಿಯ ಮೇಲಾಗಿ ಮೂಲ್ಕಿಗೆ ಹೋಗಬೇಕು. ಇಲ್ಲವೇ ಎಡಪದವು, ಗಂಜಿಮಠ, ಕೈಕಂಬ ಕಳೆದು, ಗುರುಪುರದಲ್ಲಿ ಫಲ್ಗುಣಿ ನದಿ ದಾಟಿ ಮಂಗಳೂರಿಗೆ ಇಳಿಯಬೇಕು.

ಇಂಥ ಊರಿನ ಹುಡುಗನೊಬ್ಬನಿಗೆ ಮುಂಬಯಿಯಲ್ಲಿ ಕೆಲಸ ಸಿಕ್ಕಿತೆನ್ನಿ. ದಕ್ಷಿಣ ಕನ್ನಡದ ಮನೆಗಳಿಗೆ ಇದೇನೂ ಹೊಸ ಸಂಗತಿಯಲ್ಲ. ಬಟ್ಟೆಯ ಪೆಟ್ಟಿಗೆ ಸಿದ್ಧವಾಗಿದೆ, ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟಿಯಾಗಿದೆ. ಕೋಣೆಗೂ ಕೆಲಸದ ಜಾಗಕ್ಕೂ ನಾಲ್ಕು ಕಿಲೋಮೀಟರ್ ದೂರವೆಂದು ಗೊತ್ತಾಗಿದೆ. ದಿನಾ ಎರಡು ಸಲ ಬಸ್ಸಿಗೋ ರಿಕ್ಷಾಕ್ಕೋ ಕೊಟ್ಟರೆ ಮೊದಲ ಸಂಬಳದ ಒಂದು ಪಾಲು ದಾರಿಯಲ್ಲೇ ಮುಗಿಯುತ್ತದೆ. ಆಗ ಹುಡುಗನ ಕಣ್ಣು ಚಾವಡಿಯ ಗೋಡೆಗೊರಗಿ ನಿಂತ ಸೈಕಲ್ಲಿನ ಮೇಲೆ ಬೀಳುತ್ತದೆ. ಇದನ್ನೂ ರೈಲಿನಲ್ಲಿ ಒಯ್ದರೆ ಹೇಗೆ?

ಪ್ರಶ್ನೆ ಸಣ್ಣದು. ಆದರೆ ಮನೆಯಲ್ಲಿ ಉತ್ತರ ಬಲ್ಲವರು ಯಾರೂ ಇರುವುದಿಲ್ಲ. ಒಬ್ಬರು ‘ರೈಲಿನಲ್ಲಿ ಬಿಡುವುದಿಲ್ಲ’ ಎನ್ನುತ್ತಾರೆ. ಇನ್ನೊಬ್ಬರು ‘ಪೋರ್ಟರಿಗೆ ನೂರು ರೂಪಾಯಿ ಕೊಟ್ಟರೆ ಬೋಗಿಗೇ ಹಾಕುತ್ತಾನೆ’ ಎನ್ನುತ್ತಾರೆ. ಎರಡೂ ಸರಿಯಲ್ಲ. ಸೈಕಲ್ ರೈಲಿನಲ್ಲಿ ಧಾರಾಳವಾಗಿ ಹೋಗಬಹುದು. ಆದರೆ ಸವಾರನ ಪಕ್ಕದಲ್ಲಿ ಅಲ್ಲ.

ಸವಾರ ಒಂದು ಕಡೆ, ಸವಾರಿ ಒಂದು ಕಡೆ

ರೈಲಿನ ಪ್ರಯಾಣಿಕನಿಗೆ ಇಷ್ಟು ಕಿಲೋ ಸಾಮಾನು ಉಚಿತವೆಂಬ ಲೆಕ್ಕವಿದೆ. ಸ್ಲೀಪರ್ ದರ್ಜೆಯಲ್ಲಿ 40 ಕಿಲೋ, ಎರಡನೆಯ ದರ್ಜೆಯಲ್ಲಿ 35 ಕಿಲೋ, ಮೊದಲ ದರ್ಜೆಯ ಹವಾನಿಯಂತ್ರಿತ ಬೋಗಿಯಲ್ಲಿ 70 ಕಿಲೋ. ನಮ್ಮ ಹುಡುಗ ಇದನ್ನು ಓದಿ ಹಿಗ್ಗಬಹುದು. ಪೆಟ್ಟಿಗೆ ಹದಿನೈದು ಕಿಲೋ, ಸೈಕಲ್ ಇಪ್ಪತ್ತು ಕಿಲೋ, ಒಟ್ಟು ಮೂವತ್ತೈದು; ಎಲ್ಲವೂ ಪುಕ್ಕಟೆ! ಆದರೆ ಅದೇ ನಿಯಮದಲ್ಲಿ ಇನ್ನೊಂದು ಸಾಲಿದೆ. ಸ್ಕೂಟರ್, ಸೈಕಲ್ ಮುಂತಾದವುಗಳಿಗೆ ಈ ಉಚಿತ ಮಿತಿ ಅನ್ವಯಿಸುವುದಿಲ್ಲ. ಹುಡುಗ ಬರಿಗೈಯಲ್ಲಿ ಹೋದರೂ ಸೈಕಲ್ಲಿಗೆ ಬೇರೆಯೇ ಹಣ ಕಟ್ಟಬೇಕು.

ಬೋಗಿಯೊಳಗೆ ಒಯ್ಯುವ ಪೆಟ್ಟಿಗೆಗೂ ಅಳತೆಯ ಕಟ್ಟಿದೆ. 100 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಎತ್ತರ. ಮಾಮೂಲಿ ಸೈಕಲ್ಲಿನ ಎರಡು ಗಾಲಿ ಬಿಚ್ಚಿದರೂ ಚೌಕಟ್ಟು ಇದರೊಳಗೆ ಕೂರುವುದಿಲ್ಲ. ಮಡಿಸುವ ಸಣ್ಣ ಸೈಕಲ್ಲುಗಳು ಮಾತ್ರ ಈ ಅಳತೆಯ ಹತ್ತಿರಕ್ಕೆ ಬರುತ್ತವೆ. ಗಾಲಿ ಬಿಚ್ಚಿ, ಚೀಲದಲ್ಲಿ ಹಾಕಿ, ಸೀಟಿನ ಕೆಳಗೆ ತಳ್ಳಿಕೊಂಡು ಹೋಗುವವರು ಇಲ್ಲದಿಲ್ಲ. ಅದು ಟಿಕೇಟು ಪರೀಕ್ಷಕನ ಮರ್ಜಿಯ ಪ್ರಯಾಣ. ಬುಕ್ ಮಾಡದ ಹೆಚ್ಚುವರಿ ಸಾಮಾನು ದಾರಿಯಲ್ಲಿ ಸಿಕ್ಕಿಬಿದ್ದರೆ ಆರು ಪಟ್ಟಿನವರೆಗೆ ಶುಲ್ಕ ವಸೂಲು ಮಾಡುವ ಅಧಿಕಾರ ಅವನಿಗಿದೆ.

ಹಾಗಾದರೆ ಸೈಕಲ್ಲಿಗೆ ಉಳಿಯುವ ಜಾಗ ಬ್ರೇಕ್‌ವ್ಯಾನ್. ಸಾಮಾನ್ಯ ಎಕ್ಸ್‌ಪ್ರೆಸ್ ರೈಲಿನ ತುದಿಯಲ್ಲಿ, ಕಿಟಕಿಗಳಿಲ್ಲದೆ ದೊಡ್ಡ ಸರಿಯುವ ಬಾಗಿಲುಗಳಿರುವ ಭಾಗವೇ ಅದು. ಅಲ್ಲೇ ಪಕ್ಕದಲ್ಲಿ ಗಾರ್ಡ್ ಇರುತ್ತಾರೆ; 2022ರ ಜನವರಿಯಿಂದ ಅವರ ಹುದ್ದೆಯ ಹೆಸರು ಟ್ರೈನ್ ಮ್ಯಾನೇಜರ್ ಎಂದಾಗಿದೆ. ಮೀನಿನ ಪೆಟ್ಟಿಗೆ, ಮಲ್ಲಿಗೆಯ ಬುಟ್ಟಿ, ಬಟ್ಟೆಯ ಮೂಟೆ, ಯಾರದೋ ಮೋಟಾರ್ ಸೈಕಲ್, ಇವುಗಳ ನಡುವೆ ನಮ್ಮ ಹುಡುಗನ ಸೈಕಲ್ಲೂ ನಿಲ್ಲಬೇಕು.

ಲಗೇಜೋ ಪಾರ್ಸೆಲ್ಲೋ

ಬ್ರೇಕ್‌ವ್ಯಾನಿಗೆ ಸಾಮಾನು ಹಾಕಲು ಎರಡು ದಾರಿಗಳಿವೆ. ಇವೆರಡರ ವ್ಯತ್ಯಾಸ ತಿಳಿಯದೆ ತೊಂದರೆಗೆ ಸಿಕ್ಕಿದವರೇ ಹೆಚ್ಚು. ‘ಲಗೇಜ್’ ಎಂದು ಬುಕ್ ಮಾಡಿದರೆ ಸಾಮಾನು ಪ್ರಯಾಣಿಕನ ಜೊತೆ ಅದೇ ರೈಲಿನಲ್ಲಿ ಹೋಗಬೇಕಾದದ್ದು. ಬುಕ್ ಮಾಡುವಾಗ ಪ್ರಯಾಣದ ಟಿಕೇಟು ತೋರಿಸಬೇಕು. ‘ಪಾರ್ಸೆಲ್’ ಎಂದು ಮಾಡಿದರೆ ಟಿಕೇಟು ಬೇಕಿಲ್ಲ, ದರವೂ ಸಾಮಾನ್ಯವಾಗಿ ಕಡಿಮೆ. ಆದರೆ ಸೈಕಲ್ ಯಾವ ರೈಲಿಗೆ ಏರುತ್ತದೆ ಎಂಬುದಕ್ಕೆ ಭರವಸೆಯಿಲ್ಲ. ಜಾಗವಿದ್ದರೆ ಇಂದು, ಇಲ್ಲದಿದ್ದರೆ ನಾಳೆ ಅಥವಾ ನಾಡಿದ್ದು. ಕೌಂಟರಿನಲ್ಲಿ ‘ಸೈಕಲ್ ಕಳಿಸಬೇಕು’ ಎಂದಷ್ಟೇ ಹೇಳಿದರೆ ಗುಮಾಸ್ತರು ಪಾರ್ಸೆಲ್ ಚೀಟಿ ಬರೆದಾರು. ‘ನನ್ನ ಟಿಕೇಟಿನ ಮೇಲೆ, ಲಗೇಜ್ ಆಗಿ, ಇದೇ ರೈಲಿಗೆ’ ಎಂದು ಬಿಡಿಸಿ ಹೇಳಬೇಕು.

ದರ ನಿಗದಿಯಾಗುವುದು ತೂಕ ಮತ್ತು ದೂರದ ಮೇಲೆ. ದರಪಟ್ಟಿ ಆಗಾಗ ಬದಲಾಗುತ್ತಿರುವುದರಿಂದ ಹೊರಡುವ ಎರಡು ದಿನ ಮೊದಲೇ ಪಾರ್ಸೆಲ್ ಕಚೇರಿಯಲ್ಲಿ ವಿಚಾರಿಸುವುದು ಲೇಸು. ರೈಲು ಹೊರಡುವ ಅರ್ಧ ಗಂಟೆ ಮೊದಲಾದರೂ ಸಾಮಾನು ಲಗೇಜ್ ಕಚೇರಿಯಲ್ಲಿರಬೇಕು ಎನ್ನುತ್ತದೆ ನಿಯಮ. ಅರ್ಧ ಗಂಟೆಯನ್ನು ನಂಬಿ ಹೋದವನ ಸೈಕಲ್ ಪ್ಲಾಟ್‌ಫಾರಮ್ಮಿನಲ್ಲೇ ಉಳಿದರೆ ಆಶ್ಚರ್ಯವಿಲ್ಲ. ತೂಗಬೇಕು, ಚೀಟಿ ಬರೆಯಬೇಕು, ಹಣ ಕಟ್ಟಬೇಕು, ಕೈಗಾಡಿ ಸಿಗಬೇಕು, ಲೋಡರುಗಳು ಬರಬೇಕು. ಎರಡು ಗಂಟೆ ಮೊದಲು ಹೋದರೆ ಮನಸ್ಸಿಗೆ ನೆಮ್ಮದಿ.

ನಿಲ್ದಾಣದ ಆಯ್ಕೆಯೂ ಮುಖ್ಯ. ತೋಡಾರಿನ ಹುಡುಗನಿಗೆ ಮುಂಬಯಿ ರೈಲು ಹಿಡಿಯಲು ಮೂಲ್ಕಿಯೂ ಒಂದು ದಾರಿ. ಆದರೆ ಅಂಥ ಸಣ್ಣ ನಿಲ್ದಾಣಗಳಲ್ಲಿ ಎಕ್ಸ್‌ಪ್ರೆಸ್ ರೈಲು ನಿಲ್ಲುವುದು ಒಂದೆರಡು ನಿಮಿಷ. ಅಷ್ಟರಲ್ಲಿ ಬ್ರೇಕ್‌ವ್ಯಾನಿನ ಬಾಗಿಲು ತೆರೆಸಿ, ಸೈಕಲ್ ಏರಿಸಿ, ಸಹಿ ಹಾಕಿಸಿ, ಓಡಿಬಂದು ತನ್ನ ಬೋಗಿ ಹತ್ತುವುದು ಆಗಿಹೋಗುವ ಮಾತಲ್ಲ. ಸೈಕಲ್ ಜೊತೆಗಿದ್ದರೆ ಮಂಗಳೂರು ಸೆಂಟ್ರಲ್ಲೇ ಸರಿ. 1998ರಲ್ಲಿ ಓಡಾಟ ಆರಂಭಿಸಿದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಅಲ್ಲಿಂದಲೇ ಹೊರಟು ಮುಂಬಯಿಯ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಕೊನೆಗೊಳ್ಳುತ್ತದೆ. ಹುಟ್ಟುವ ನಿಲ್ದಾಣದಲ್ಲಿ ಏರಿ ಮುಗಿಯುವ ನಿಲ್ದಾಣದಲ್ಲಿ ಇಳಿಯುವ ಇಂಥ ರೈಲೇ ಸೈಕಲ್ಲಿಗೆ ಹೇಳಿಸಿದ್ದು. ನಡುವಿನ ಊರಿಗೆ ಬುಕ್ ಮಾಡಿದರೆ, ಇಳಿಸುವವರು ಮರೆತಾಗ ಸೈಕಲ್ ಮುಂದಿನ ಊರು ನೋಡಲು ಹೋಗುತ್ತದೆ. ನಡುವೆ ರೈಲು ಬದಲಿಸಬೇಕಾದ ಪ್ರಯಾಣದಲ್ಲಿ ಮೊದಲ ರೈಲಿನಿಂದ ಬಿಡಿಸಿಕೊಂಡು ಎರಡನೆಯದಕ್ಕೆ ಹೊಸದಾಗಿ ಬುಕ್ ಮಾಡುವುದೇ ಕ್ಷೇಮ.

ಇನ್ನು ತೋಡಾರಿನಿಂದ ಮಂಗಳೂರಿನವರೆಗಿನ ಸುಮಾರು 30 ಕಿಲೋಮೀಟರ್? ಹಿಂದೆ ಬಸ್ಸಿನ ಮಾಡಿಗೆ ಸೈಕಲ್ ಎತ್ತಿ ಕಟ್ಟುವುದು ದಿನದ ನೋಟವಾಗಿತ್ತು. ಈಗಿನ ಬಹಳಷ್ಟು ಬಸ್ಸುಗಳಿಗೆ ಮೇಲೆ ಕ್ಯಾರಿಯರೇ ಇಲ್ಲ. ಪೆಟ್ಟಿಗೆಯನ್ನು ಬಸ್ಸಿನಲ್ಲಿ ಬರುವ ಅಣ್ಣನಿಗೆ ಒಪ್ಪಿಸಿ, ಬೆಳಗಿನ ತಂಪಿನಲ್ಲಿ ಸೈಕಲ್ ತುಳಿದೇ ಹೋಗುವುದು ಸುಲಭದ ದಾರಿ.

ಗೋಣಿ, ಹಗ್ಗ, ಪಾನಾ

ಬ್ರೇಕ್‌ವ್ಯಾನಿನಲ್ಲಿ ಸೈಕಲ್ಲಿಗೆ ಪ್ರತ್ಯೇಕ ಸ್ಟ್ಯಾಂಡ್ ಇಲ್ಲ. ಗೋಡೆಗೆ ಒರಗಿಸುತ್ತಾರೆ, ಅದಕ್ಕೆ ಇನ್ನೇನೋ ಒರಗುತ್ತದೆ. ಬಂಡಿ ತಿರುಗಿದಾಗಲೆಲ್ಲ ಎಲ್ಲವೂ ಒಮ್ಮೆ ಅಲುಗಾಡುತ್ತವೆ. ಆದ್ದರಿಂದ ಕಟ್ಟುವ ಕೆಲಸವನ್ನು ಮನೆಯಲ್ಲೇ ಯೋಚಿಸಿಟ್ಟುಕೊಳ್ಳಬೇಕು. ಹಳೆಯ ಗೋಣಿಚೀಲ, ತೆಂಗಿನ ನಾರಿನ ಹಗ್ಗ, ರಟ್ಟಿನ ತುಂಡುಗಳು, ಒಂದು ಪಾನಾ ಇದ್ದರೆ ಸಾಕು.

ಬೆಲ್, ಲೈಟು, ಗಾಳಿ ಪಂಪು, ನೀರಿನ ಬಾಟಲಿ ಇವನ್ನೆಲ್ಲ ತೆಗೆದು ಪೆಟ್ಟಿಗೆಗೆ ಹಾಕಬೇಕು. ಕಳಚಲು ಬರುವುದು ಕಳಚಿಯೇ ಹೋಗುತ್ತದೆ ಎಂದು ತಿಳಿದಿರುವುದು ಒಳ್ಳೆಯದು. ಹ್ಯಾಂಡಲನ್ನು ಸಡಿಲಿಸಿ ಚೌಕಟ್ಟಿಗೆ ಸಮನಾಗಿ ತಿರುಗಿಸಿದರೆ ಸೈಕಲ್ ಕಡಿಮೆ ಜಾಗ ಹಿಡಿಯುತ್ತದೆ. ಪೆಡಲುಗಳನ್ನು ಬಿಚ್ಚಿದರೆ ಪಕ್ಕದ ಸಾಮಾನಿಗೆ ಚುಚ್ಚುವುದಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಬಲಗಡೆಯ ಪೆಡಲಿನ ಮರೆ ಎಲ್ಲ ಬೋಲ್ಟುಗಳಂತೆ. ಎಡಗಡೆಯದು ಮಾತ್ರ ತಿರುಗುಮುರುಗು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಿ ಬಿಚ್ಚಬೇಕು. ಇದನ್ನು ತಿಳಿಯದೆ ಬಲ ಹಾಕಿ ಮರೆ ಕೆಡಿಸಿದವರು ಅನೇಕರು. ಗೇರು ಸೈಕಲ್ಲಾದರೆ ಹಿಂಗಾಲಿಯ ಬಳಿ ಬಲಬದಿಯಲ್ಲಿ ತೂಗುವ ಗೇರಿನ ಕೈಗೆ ದಪ್ಪ ರಟ್ಟು ಕಟ್ಟಬೇಕು. ಮೊದಲು ಪೆಟ್ಟು ಬೀಳುವುದು ಅದಕ್ಕೇ. ಗಾಲಿಗಳನ್ನು ಮಾತ್ರ ಹಾಗೆಯೇ ಬಿಡುವುದು ವಾಸಿ. ಉರುಳುವ ಸೈಕಲ್ಲನ್ನು ಲೋಡರು ಉರುಳಿಸಿಕೊಂಡು ಹೋಗುತ್ತಾನೆ. ಉರುಳದ ಮೂಟೆಯನ್ನು ಎತ್ತಿ ಒಗೆಯುತ್ತಾನೆ.

ಕೊನೆಗೆ ವಿಳಾಸ. ಹಳೆಯ ಚೀಟಿಗಳೇನಾದರೂ ಇದ್ದರೆ ಕಿತ್ತುಹಾಕಿ, ಹೆಸರು, ಫೋನ್ ಸಂಖ್ಯೆ, ಹೊರಡುವ ಮತ್ತು ಸೇರುವ ನಿಲ್ದಾಣ, ರೈಲಿನ ಸಂಖ್ಯೆ ಇವಿಷ್ಟನ್ನು ಎರಡು ಕಡೆ ಬರೆಯಬೇಕು. ಒಂದು ಚೀಟಿ ಗೋಣಿಯ ಮೇಲೆ, ಇನ್ನೊಂದು ಒಳಗೆ ಚೌಕಟ್ಟಿಗೆ. ಮಳೆಗಾಲವಾದರೆ ಪ್ಲಾಸ್ಟಿಕ್ ಹೊದಿಕೆ ಬೇಕೇ ಬೇಕು. ಕರಾವಳಿಯ ಜೂನ್ ತಿಂಗಳಲ್ಲಿ ಪ್ಲಾಟ್‌ಫಾರಮ್ಮಿನ ಮಾಡಿನ ಹೊರಗೆ ನಿಂತ ಸಾಮಾನಿನ ಶಾಯಿ ಐದು ನಿಮಿಷ ಉಳಿಯುವುದಿಲ್ಲ.

ಹಗುರವಾದಷ್ಟೂ ನಷ್ಟ

ಸೈಕಲ್ ಕಳೆದುಹೋದರೆ? ರಸೀದಿ ಕೈಯಲ್ಲಿದ್ದರೆ ಮಾತ್ರ ಈ ಪ್ರಶ್ನೆಗೆ ಅರ್ಥವಿದೆ. ರೈಲ್ವೆಯವರು ಬುಕ್ ಮಾಡಿಕೊಂಡು ರಸೀದಿ ಕೊಟ್ಟ ಲಗೇಜಿಗೆ ಅವರು ಹೊಣೆಗಾರರು ಎನ್ನುತ್ತದೆ 1989ರ ರೈಲ್ವೆ ಕಾಯ್ದೆ. ಪ್ರಯಾಣಿಕ ತಾನೇ ಇಟ್ಟುಕೊಂಡ ಸಾಮಾನು ಹೋದರೆ, ರೈಲ್ವೆ ಸಿಬ್ಬಂದಿಯ ಅಲಕ್ಷ್ಯವನ್ನೋ ತಪ್ಪನ್ನೋ ಸಾಬೀತು ಮಾಡಬೇಕು. ಪೋರ್ಟರಿಗೆ ಗುಟ್ಟಾಗಿ ಹಣ ಕೊಟ್ಟು ಏರಿಸಿದ ಸೈಕಲ್ಲಿಗೆ ಹೇಳುವವರು ಕೇಳುವವರು ಇಲ್ಲ.

ರಸೀದಿ ಇದ್ದರೂ ಪರಿಹಾರಕ್ಕೊಂದು ಮಿತಿಯಿದೆ. ಬುಕ್ ಮಾಡುವಾಗ ಬೆಲೆ ಘೋಷಿಸಿ ಅದಕ್ಕೆ ತಕ್ಕ ಶೇಕಡಾವಾರು ಶುಲ್ಕ ಕಟ್ಟದಿದ್ದರೆ, 1990ರ ನಿಯಮಗಳ ಪ್ರಕಾರ ಲಗೇಜಿಗೆ ರೈಲ್ವೆಯ ಹೊಣೆ ಕಿಲೋಗೆ 100 ರೂಪಾಯಿ. ಅಪ್ಪನ ಕಾಲದ ಕಪ್ಪು ಸೈಕಲ್ 20 ಕಿಲೋ ಇದ್ದರೆ ಎರಡು ಸಾವಿರ ರೂಪಾಯಿ. ಹೇಗೋ ಸಮಾಧಾನ ಮಾಡಿಕೊಳ್ಳಬಹುದು. ಆದರೆ ಮೂವತ್ತು ಸಾವಿರ ಕೊಟ್ಟು ತಂದ 12 ಕಿಲೋದ ಗೇರು ಸೈಕಲ್ಲಿಗೆ ಸಾವಿರದ ಇನ್ನೂರೇ. ಸೈಕಲ್ಲಿನ ಜಗತ್ತಿನಲ್ಲಿ ಹಗುರವಾದಷ್ಟೂ ಬೆಲೆ ಹೆಚ್ಚು. ರೈಲ್ವೆಯ ತಕ್ಕಡಿಯಲ್ಲಿ ಹಗುರವಾದಷ್ಟೂ ಬೆಲೆ ಕಡಿಮೆ. ದುಬಾರಿ ಸೈಕಲ್ ಒಯ್ಯುವವರು ಬೆಲೆ ಘೋಷಿಸಿಯೇ ಬುಕ್ ಮಾಡಬೇಕೆನ್ನುವುದು ಇದಕ್ಕಾಗಿ.

ಸೇರಿದ ಊರಿನಲ್ಲೂ ಉದಾಸೀನ ಕೂಡದು. ಇಳಿದೊಡನೆ ನೇರ ಬ್ರೇಕ್‌ವ್ಯಾನಿನ ಬಳಿಗೆ ಹೋಗಿ ಸೈಕಲ್ ಇಳಿಯಿತೇ ಎಂದು ಕಣ್ಣಾರೆ ನೋಡಬೇಕು. ರಸೀದಿ ಕೊಟ್ಟು ಬಿಡಿಸಿಕೊಳ್ಳುವ ಮೊದಲೇ ಪೆಟ್ಟು ಬಿದ್ದಿದೆಯೇ ಎಂದು ಪರೀಕ್ಷಿಸಬೇಕು. ನಾಳೆ ಬರೋಣವೆಂದು ಬಿಟ್ಟರೆ ಜಾಗದ ಬಾಡಿಗೆ ಬೆಳೆಯುತ್ತದೆ.

ಇಷ್ಟೆಲ್ಲ ತಾಪತ್ರಯ ಪಡುವ ಬದಲು ಮುಂಬಯಿಯಲ್ಲೇ ಹಳೆಯದೊಂದು ಸೈಕಲ್ ಕೊಳ್ಳಬಾರದೇ ಎಂದು ಮನೆಯ ಹಿರಿಯರು ಕೇಳಿಯಾರು. ಲೆಕ್ಕದ ಮಾತೇ. ಲಗೇಜ್ ದರ, ಕಟ್ಟುವ ಖರ್ಚು, ಲೋಡರುಗಳ ಕೈಬಿಸಿ ಎಲ್ಲ ಕೂಡಿಸಿದರೆ ಕೆಲವು ಸಲ ಹಳೆಯ ಸೈಕಲ್ಲಿನ ಬೆಲೆಯ ಹತ್ತಿರಕ್ಕೆ ಬರುತ್ತದೆ. ಆದರೆ ಎಂಟನೇ ತರಗತಿಯಿಂದ ತುಳಿದ, ಯಾವ ಇಳಿಜಾರಿನಲ್ಲಿ ಯಾವ ಬ್ರೇಕು ಎಷ್ಟು ಹಿಡಿಯಬೇಕೆಂದು ಕೈಗೇ ಗೊತ್ತಿರುವ ಸೈಕಲ್ಲನ್ನು ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ. ಹೊಸ ಊರಿನಲ್ಲಿ ಮೊದಲ ತಿಂಗಳ ಸಂಬಳ ಬರುವವರೆಗೆ ಹುಡುಗನಿಗೆ ತನ್ನದೆನ್ನಲು ಇರುವ ವಾಹನವೂ ಅದೊಂದೇ.

ಆಚೆಯಿಂದ ಈಚೆಗೆ

ಹೋಗುವವರ ಮಾತಾಯಿತು. ಸೈಕಲ್ ಹೊತ್ತು ಈ ಕಡೆಗೆ ಬರುವವರೂ ಇದ್ದಾರೆ. ರೈಲಿನಲ್ಲಿ ಮಂಗಳೂರಿಗೆ ಬಂದು, ಸೈಕಲ್ ಬಿಡಿಸಿಕೊಂಡು, ಗುರುಪುರದ ಸೇತುವೆ ದಾಟಿ ತೋಡಾರಿನ ಮುಂದಾಗಿ ಹೋದರೆ ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ. ಅಲ್ಲಿಂದ 20 ಕಿಲೋಮೀಟರ್ ಆಸುಪಾಸಿನಲ್ಲಿ ಒಂದು ದಿಕ್ಕಿಗೆ 1432ರ ಕಾರ್ಕಳದ ಗೊಮ್ಮಟ, ಇನ್ನೊಂದು ದಿಕ್ಕಿಗೆ 1604ರ ವೇಣೂರಿನ ಗೊಮ್ಮಟ. ಎರಡು ದಿನದಲ್ಲಿ ಸೈಕಲ್ ಮೇಲೆ ನಿಧಾನವಾಗಿ ನೋಡಿ ಮುಗಿಸಬಹುದಾದ ಇಂಥ ತ್ರಿಕೋನ ನಾಡಿನಲ್ಲಿ ಹೆಚ್ಚಿಲ್ಲ.

ಬೆಂಗಳೂರಿನಿಂದ ಬರುವ ದಾರಿಯೂ ಸಾಮಾನ್ಯದ್ದಲ್ಲ. 1979ರಲ್ಲಿ ಮೀಟರ್‌ಗೇಜಿನಲ್ಲಿ ಪೂರ್ಣಗೊಂಡ ಹಾಸನ–ಮಂಗಳೂರು ಮಾರ್ಗದ ಘಾಟಿ ಭಾಗ ಬ್ರಾಡ್‌ಗೇಜ್ ಕೆಲಸಕ್ಕಾಗಿ 1996ರಲ್ಲಿ ಮುಚ್ಚಿತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ 57 ಸುರಂಗಗಳು. ಅಷ್ಟು ಹೊತ್ತೂ ಸವಾರ ಕಿಟಕಿಯ ಬಳಿ ಕುಳಿತು ಕಾಡು ನೋಡುತ್ತಿದ್ದರೆ, ಸೈಕಲ್ ಮಾತ್ರ ಕತ್ತಲ ಕೋಣೆಯಲ್ಲಿ.

ಲಾರಿಗಿರುವ ಭಾಗ್ಯ

ತೋಡಾರಿನವರಿಗೆ ಹೇಳಲೇಬೇಕಾದ ಮಾತೊಂದಿದೆ. ಅವರಿಗೆ ದೂರವಲ್ಲದ ಸುರತ್ಕಲ್ಲಿನಲ್ಲಿ ಲಾರಿಗಳು ರೈಲು ಹತ್ತುತ್ತವೆ. 1998ರ ಜನವರಿ 26ರಂದು ಪೂರ್ಣವಾಗಿ ತೆರೆದ ಕೊಂಕಣ ರೈಲ್ವೆ ಮರುವರ್ಷವೇ ‘ರೋ-ರೋ’ ಎಂಬ ಸೇವೆ ಆರಂಭಿಸಿತು. ತುಂಬಿದ ಲಾರಿ ತನ್ನ ಗಾಲಿಗಳ ಮೇಲೆಯೇ ಚಪ್ಪಟೆ ವ್ಯಾಗನ್ನಿಗೆ ಏರುತ್ತದೆ. ಚಾಲಕ ಲಾರಿಯ ಜೊತೆಗೇ ಪ್ರಯಾಣ ಮಾಡುತ್ತಾನೆ. 2025ರ ಆಗಸ್ಟಿನಲ್ಲಿ, ಗಣೇಶನ ಹಬ್ಬದ ಸಮಯಕ್ಕೆ, ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಾಕ್ಕೆ ಕಾರುಗಳನ್ನೂ ಹೀಗೆ ಒಯ್ಯುವ ಏರ್ಪಾಡಾಯಿತು. ಕಾರಿನವರಿಗೆ ಅದೇ ರೈಲಿಗೆ ಬೇರೆ ಬೋಗಿ ಜೋಡಿಸಲಾಯಿತು.

ಹತ್ತಾರು ಟನ್ನಿನ ಲಾರಿಗೆ ಸಾಧ್ಯವಾದದ್ದು, ಒಂದೂವರೆ ಟನ್ನಿನ ಕಾರಿಗೆ ಸಾಧ್ಯವಾದದ್ದು, ಇಪ್ಪತ್ತು ಕಿಲೋದ ಸೈಕಲ್ಲಿಗೆ ಯಾಕೆ ಆಗಬಾರದು? ಜಗತ್ತಿನಲ್ಲಿ ಆಗಿದೆ. ಜಪಾನಿನಲ್ಲಿ ಸೈಕಲ್ಲನ್ನು ಬಿಚ್ಚಿ ಚೀಲಕ್ಕೆ ಸೇರಿಸಿದರೆ ಅದು ಕೈಸಾಮಾನು, ಬೇರೆ ಹಣವಿಲ್ಲ. ಈ ಪದ್ಧತಿಗೆ ಅಲ್ಲಿ ‘ರಿಂಕೊ’ ಎಂಬ ಹೆಸರೇ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಜನಸಂದಣಿಯ ಹೊತ್ತು ಬಿಟ್ಟು ಉಳಿದ ಸಮಯದಲ್ಲಿ ಸೈಕಲ್ಲಿಗೊಂದು ಟಿಕೇಟು ಕೊಂಡು ಜೊತೆಯಲ್ಲೇ ಒಯ್ಯಬಹುದು. ಹೊಸದಾಗಿ ಕೊಳ್ಳುವ ರೈಲುಗಳಲ್ಲಿ ಸಾಮಾನ್ಯವಾಗಿ ಕನಿಷ್ಠ 4 ಸೈಕಲ್ಲುಗಳಿಗೆ ಜಾಗವಿರಬೇಕೆಂದು ಐರೋಪ್ಯ ಒಕ್ಕೂಟ 2021ರಲ್ಲಿ ಕಾನೂನು ಮಾಡಿತು. ನಮ್ಮಲ್ಲೂ ಬೆಂಗಳೂರಿನ ಮೆಟ್ರೋ 2020ರಲ್ಲಿ ಮಡಿಸುವ ಸೈಕಲ್ಲುಗಳಿಗೆ ಬಾಗಿಲು ತೆರೆಯಿತು. ಅದೇ ವರ್ಷ ಕೊಚ್ಚಿಯ ಮೆಟ್ರೋ ಕೂಡ ಸೈಕಲ್ಲನ್ನು ಒಳಗೆ ಬಿಟ್ಟುಕೊಂಡಿತು.

ದೂರದ ರೈಲುಗಳಲ್ಲಿ ಮಾತ್ರ ಗಾಳಿ ಎದುರು ದಿಕ್ಕಿಗೆ ಬೀಸುತ್ತಿರುವಂತಿದೆ. ಅನೇಕ ರೈಲುಗಳ ಬ್ರೇಕ್‌ವ್ಯಾನಿನ ಜಾಗವನ್ನು ಖಾಸಗಿ ಗುತ್ತಿಗೆದಾರರಿಗೆ ಕೊಡಲಾಗುತ್ತದೆ. ಒಬ್ಬ ಪ್ರಯಾಣಿಕನ ಒಂದು ಸೈಕಲ್ಲಿಗೆ ಉಳಿಯುವುದು ಮೂಲೆ. 2023ರ ಕೊನೆಯಲ್ಲಿ ಮಂಗಳೂರು–ಮಡಗಾಂವ್ ನಡುವೆ ಓಡತೊಡಗಿದಂಥ ವಂದೇ ಭಾರತ್ ರೈಲುಗಳಲ್ಲಿ ಆ ಮೂಲೆಯೂ ಇಲ್ಲ. ವೇಗ ಬಂತು, ತಂಪು ಬಂತು, ಸೈಕಲ್ಲಿನ ಜಾಗ ಹೋಯಿತು. 2011ರ ಜನಗಣತಿಯಲ್ಲಿ ದೇಶದ ನೂರು ಮನೆಗಳಲ್ಲಿ 45ರಷ್ಟು ಮನೆಗಳು ‘ಸೈಕಲ್ ಇದೆ’ ಎಂದಿದ್ದವು. ಕಾರು ಇದೆ ಎಂದವು ಐದೂ ಇರಲಿಲ್ಲ.

ಬೇಕಾಗಿರುವುದು ದೊಡ್ಡ ಯೋಜನೆಯಲ್ಲ. ಬ್ರೇಕ್‌ವ್ಯಾನಿನ ಗೋಡೆಗೆ ನಾಲ್ಕು ಕೊಕ್ಕೆಗಳು, ಟಿಕೇಟು ಕಾಯ್ದಿರಿಸುವಾಗಲೇ ‘ಸೈಕಲ್ ಇದೆ’ ಎಂದು ಗುರುತು ಹಾಕಲು ಒಂದು ಚೌಕ, ಇಡೀ ದೇಶಕ್ಕೆ ಅನ್ವಯಿಸುವ ಒಂದು ನಿಗದಿತ ದರ. ಇಷ್ಟಾದರೆ ಹುಡುಗ ಎರಡು ಗಂಟೆ ಮೊದಲು ಬಂದು ಕೌಂಟರಿನಿಂದ ಕೌಂಟರಿಗೆ ಅಲೆಯಬೇಕಾಗಿಲ್ಲ.

ಅಲ್ಲಿಯವರೆಗೆ ಗೋಣಿ, ಹಗ್ಗ, ಪಾನಾಗಳೇ ಗತಿ. ಮಧ್ಯಾಹ್ನ ಮಂಗಳೂರು ಬಿಟ್ಟ ರೈಲು ಮರುದಿನ ಬೆಳಗ್ಗೆ ಮುಂಬಯಿ ತಲುಪಿದಾಗ, ಬೇರೆಯವರೆಲ್ಲ ರಿಕ್ಷಾದ ಸಾಲಿನ ಕಡೆಗೆ ಓಡಿದರೆ ತೋಡಾರಿನ ಹುಡುಗ ರೈಲಿನ ತುದಿಯ ಕಡೆಗೆ ಓಡಬೇಕು. ರಸೀದಿ ಶರಟಿನ ಜೇಬಿನಲ್ಲಿರಲಿ, ಪಾನಾ ಪೆಟ್ಟಿಗೆಯ ಮೇಲುಗಡೆಯೇ ಇರಲಿ. ಹ್ಯಾಂಡಲ್ ನೇರ ಮಾಡಿ, ಪೆಡಲ್ ಬಿಗಿದು, ಗಾಳಿ ನೋಡಿದರೆ ಹತ್ತು ನಿಮಿಷದ ಕೆಲಸ. ಮೊದಲ ದಿನದ ರಿಕ್ಷಾ ಬಾಡಿಗೆ ಅಲ್ಲೇ ಉಳಿಯಿತು.